ಕಡಲ ಗಾಳಿ ಯೋಜನೆ ನಿಂತಿರುವುದು ಹಡಗಿನ ಕಾಲ ಮೇಲೆ

2024ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಕಡಲಿನ ಪವನ ವಿದ್ಯುತ್ ಯೋಜನೆಗೆ 7,453 ಕೋಟಿ ರೂಪಾಯಿ ನೆರವು ಕೊಡಲು ಒಪ್ಪಿತು. ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವ್ಯಾಟ್ ಸ್ಥಾಪಿಸಲು 6,853 ಕೋಟಿ, ಎರಡು ಬಂದರುಗಳನ್ನು ಸಜ್ಜುಗೊಳಿಸಲು 600 ಕೋಟಿ. ಇದಾಗಿ ಒಂದು ವರ್ಷ ಕಳೆದ ಮೇಲೆ, 2025ರ ಆಗಸ್ಟ್‌ನಲ್ಲಿ, ಭಾರತೀಯ ಸೌರಶಕ್ತಿ ನಿಗಮ (ಸೆಕಿ) ಗುಜರಾತಿನ 500 ಮೆಗಾವ್ಯಾಟ್ ಟೆಂಡರನ್ನೂ ತಮಿಳುನಾಡಿನ ಕಡಲತಳವನ್ನು 4,000 ಮೆಗಾವ್ಯಾಟ್‌ಗಾಗಿ ಗುತ್ತಿಗೆ ಕೊಡುವ ಟೆಂಡರನ್ನೂ ರದ್ದು ಮಾಡಿತು. ಕೊನೆಯ ದಿನಾಂಕವನ್ನು ಮತ್ತೆ ಮತ್ತೆ ಮುಂದೂಡಿದರೂ ಕಂಪನಿಗಳು ಉತ್ಸಾಹ ತೋರಿರಲಿಲ್ಲ.

ಸುದ್ದಿ ಓದಿದವರಿಗೆ ಗೊಂದಲವಾದದ್ದು ಸಹಜ. ನೆಲದ ಮೇಲೆ ಗಾಳಿ ವಿದ್ಯುತ್ ಜೋರಾಗಿ ಬೆಳೆಯುತ್ತಿದೆ. ದೇಶದ ಒಟ್ಟು ಪವನ ಸಾಮರ್ಥ್ಯ 2025ರ ಮಾರ್ಚ್ ಹೊತ್ತಿಗೆ 50,000 ಮೆಗಾವ್ಯಾಟ್ ದಾಟಿತು. ಆ ಆರ್ಥಿಕ ವರ್ಷದಲ್ಲಿ ಅತಿ ಹೆಚ್ಚು ಹೊಸ ಸಾಮರ್ಥ್ಯ ಸೇರಿಸಿದ ರಾಜ್ಯ ಕರ್ನಾಟಕ. ಕಡಲಲ್ಲಿ ಗಾಳಿ ನೆಲಕ್ಕಿಂತ ಬಲವಾಗಿಯೂ ಸ್ಥಿರವಾಗಿಯೂ ಬೀಸುತ್ತದೆ, ಸರ್ಕಾರದ ಹಣವೂ ಇದೆ. ಹೀಗಿದ್ದೂ ಯಾರೂ ಯಾಕೆ ಮುಂದೆ ಬರಲಿಲ್ಲ?

ಸಾಮಾನ್ಯವಾಗಿ ಸಿಗುವ ಉತ್ತರ ‘ಕಡಲ ಕರೆಂಟು ದುಬಾರಿ’ ಎನ್ನುವುದು. ಅದು ನಿಜ, ಆದರೆ ದುಬಾರಿ ಆಗಲು ಏನು ಕಾರಣ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಆ ಪ್ರಶ್ನೆಯ ಬೆನ್ನು ಹತ್ತಿದರೆ ನಮ್ಮ ಚರ್ಚೆಗಳಲ್ಲಿ ಹೆಸರೇ ಬಾರದ ಒಂದು ಹಡಗು ಎದುರಾಗುತ್ತದೆ. ಅದು ಕಡಲ ನಡುವೆ ಕಾಲೂರಿ, ತನ್ನ ಮೈಯನ್ನು ತಾನೇ ನೀರಿನಿಂದ ಮೇಲೆತ್ತಿಕೊಂಡು ಕೆಲಸ ಮಾಡುವ ಹಡಗು. ಕಡಲ ಕೆಲಸಗಾರರು ಅದನ್ನು ಜಾಕ್-ಅಪ್ ಎನ್ನುತ್ತಾರೆ.

ತೇಲುವ ಹಡಗಿಂದ ಯಾಕಾಗದು

ಈಗ ಯುರೋಪಿನ ಕಡಲುಗಳಲ್ಲಿ ನಿಲ್ಲಿಸುತ್ತಿರುವ ಟರ್ಬೈನುಗಳ ಅಳತೆ ನೋಡಿ. ವೆಸ್ಟಾಸ್ ಕಂಪನಿಯ 15 ಮೆಗಾವ್ಯಾಟ್ ಯಂತ್ರದ ಒಂದೊಂದು ರೆಕ್ಕೆ 115.5 ಮೀಟರ್ ಉದ್ದ. ಕಂಬದ ತುದಿಯಲ್ಲಿ ಕೂರುವ, ಜನರೇಟರ್ ಇರುವ ನೆಸೆಲ್ ಎಂಬ ಪೆಟ್ಟಿಗೆಯ ತೂಕ ಈ ವರ್ಗದ ಯಂತ್ರಗಳಲ್ಲಿ 500 ಟನ್ನಿನಷ್ಟು ಅಥವಾ ಅದಕ್ಕೂ ಹೆಚ್ಚು. ಅದನ್ನು ನೀರಿನ ಮಟ್ಟದಿಂದ ಸುಮಾರು 140-150 ಮೀಟರ್ ಎತ್ತರಕ್ಕೆ ಏರಿಸಿ, ಕಂಬದ ಅಂಚಿನ ಬೋಲ್ಟ್ ರಂಧ್ರಗಳಿಗೆ ಸರಿಯಾಗಿ ಕೂರಿಸಬೇಕು.

ತೇಲುವ ಹಡಗಿನ ಕ್ರೇನಿಗೆ ಇದು ಬಹಳ ಕಷ್ಟ. ಕೆಳಗೆ ಹಡಗು ಒಂದು ಡಿಗ್ರಿ ವಾಲಿದರೂ 150 ಮೀಟರ್ ಮೇಲೆ ಕೊಕ್ಕೆ ಎರಡೂವರೆ ಮೀಟರ್‌ಗೂ ಹೆಚ್ಚು ಸರಿಯುತ್ತದೆ, ಕೂರಿಸಬೇಕಾದ ನಿಖರತೆಯೋ ಮಿಲಿಮೀಟರ್ ಲೆಕ್ಕದ್ದು. ಅಡಿಪಾಯದ ಉಕ್ಕಿನ ಕೊಳವೆಗಳನ್ನು ಊರಲು ತೇಲುವ ಭಾರಿ ಕ್ರೇನ್ ಹಡಗುಗಳು ಬಳಕೆಯಲ್ಲಿವೆ. ಟರ್ಬೈನ್ ಕೂರಿಸುವ ಕೆಲಸಕ್ಕೆ ಮಾತ್ರ ಹೆಚ್ಚಿನವರು ನೆಚ್ಚಿಕೊಂಡಿರುವುದು ಅಲುಗಾಡದೆ ನಿಲ್ಲುವ ಜಾಕ್-ಅಪ್ ಅನ್ನು.

ನಾಲ್ಕು ಕಾಲು, ಒಂದು ಕೆಸರು

ಜಾಕ್-ಅಪ್ ಹಡಗು ಕೆಲಸದ ಜಾಗಕ್ಕೆ ಬರುವಾಗ ಅದರ ಕಾಲುಗಳು ಆಕಾಶದತ್ತ ನಿಂತಿರುತ್ತವೆ. ಗೊತ್ತುಪಡಿಸಿದ ಜಾಗದಲ್ಲಿ ಕಂಪ್ಯೂಟರ್ ನಿಯಂತ್ರಿತ ಪ್ರೊಪೆಲ್ಲರುಗಳು ಹಡಗನ್ನು ಕದಲದಂತೆ ಹಿಡಿದುಕೊಳ್ಳುತ್ತವೆ. ಆಗ ಕಾಲುಗಳು ಕೆಳಗಿಳಿದು ತಳ ಮುಟ್ಟುತ್ತವೆ. ಇಳಿಸಲು ಎರಡು ಬಗೆಯ ವ್ಯವಸ್ಥೆಗಳಿವೆ. ಒಂದರಲ್ಲಿ ಕಾಲಿನುದ್ದಕ್ಕೂ ಹಲ್ಲುಪಟ್ಟಿ, ಅದನ್ನು ಕಚ್ಚಿ ತಿರುಗುವ ಗೇರುಗಳು. ಇನ್ನೊಂದರಲ್ಲಿ ಕಾಲಿನಲ್ಲಿ ರಂಧ್ರಗಳು, ಅವಕ್ಕೆ ಪಿನ್ನು ತೂರಿಸಿ ಹಂತಹಂತವಾಗಿ ತಳ್ಳುವ ಹೈಡ್ರಾಲಿಕ್ ಸಿಲಿಂಡರುಗಳು.

ತಳ ಮುಟ್ಟಿದ ಕೂಡಲೇ ಹಡಗು ಮೇಲೇರುವುದಿಲ್ಲ. ಪ್ರತಿ ಕಾಲಿನ ತುದಿಯಲ್ಲಿ ಸ್ಪಡ್‌ಕ್ಯಾನ್ ಎಂಬ ಅಗಲವಾದ ಉಕ್ಕಿನ ಪಾದವಿದೆ. ಆ ಪಾದದಡಿಯ ಮಣ್ಣು ಮುಂದೆ ಬರಲಿರುವ ಗರಿಷ್ಠ ಭಾರವನ್ನು ತಡೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಕಡಲಲ್ಲಿ ತೈಲ ಕೊರೆಯುವ ಮೂರು ಕಾಲಿನ ವೇದಿಕೆಗಳು (ರಿಗ್) ಟ್ಯಾಂಕುಗಳಿಗೆ ಸಮುದ್ರದ ನೀರು ತುಂಬಿಕೊಂಡು ಭಾರ ಹೆಚ್ಚಿಸಿ ಗಂಟೆಗಟ್ಟಲೆ ಕಾಯುತ್ತವೆ. ನಾಲ್ಕು ಕಾಲಿನ ಹಡಗಿಗೆ ನೀರು ಬೇಕಿಲ್ಲ. ಓರೆಯಾಗಿ ಎದುರುಬದುರಿರುವ ಎರಡು ಕಾಲುಗಳ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತುತ್ತದೆ, ಆಮೇಲೆ ಉಳಿದೆರಡರ ಮೇಲೆ. ಗಾಳಿಯಂತ್ರದ ಹಡಗುಗಳಿಗೆ ನಾಲ್ಕೋ ಆರೋ ಕಾಲಿರಲು ಇದೊಂದು ಮುಖ್ಯ ಕಾರಣ. ತೈಲ ರಿಗ್ ಒಂದೇ ಕಡೆ ತಿಂಗಳುಗಟ್ಟಲೆ ನಿಂತರೆ ನಡೆಯುತ್ತದೆ. ಈ ಹಡಗು ಎರಡು ಮೂರು ದಿನಕ್ಕೊಮ್ಮೆ ಕಾಲು ಕಿತ್ತು ಮುಂದಿನ ಕಂಬಕ್ಕೆ ಹೋಗಬೇಕು. ಪ್ರತಿ ಸಲ ಉಳಿಯುವ ಕೆಲವು ಗಂಟೆಗಳೇ ಯೋಜನೆಯ ಲಾಭ.

ಇಷ್ಟೆಲ್ಲ ಪರೀಕ್ಷೆಗೆ ಹೆದರಿಕೆಯೂ ಕಾರಣ. ತಳದಲ್ಲಿ ಗಟ್ಟಿ ಮರಳಿನ ತೆಳುಪದರವಿದ್ದು ಅದರಡಿ ಮೆತ್ತನೆಯ ಜೇಡಿ ಇದ್ದರೆ, ಮೊದಲು ನಿಂತಂತೆ ಕಂಡ ಪಾದ ಭಾರ ಏರುತ್ತಿದ್ದಂತೆ ಪದರವನ್ನು ಒಡೆದು ಒಮ್ಮೆಲೇ ಕುಸಿಯಬಹುದು. ಒಂದು ಕಾಲು ಕುಸಿದರೆ ಹಡಗು ವಾಲುತ್ತದೆ, ಉಳಿದ ಕಾಲುಗಳು ಬಾಗುತ್ತವೆ. ಹಾಗಾಗಿ ಪ್ರತಿ ಕಂಬದ ಜಾಗದಲ್ಲೂ ತಳದ ಮಣ್ಣನ್ನು ಕೊರೆದು ನೋಡಿರಬೇಕು.

ಗುಜರಾತಿನ ಖಂಬಾತ್ ಕೊಲ್ಲಿಯ ಕಷ್ಟ ಇಲ್ಲಿ ಅರ್ಥವಾಗುತ್ತದೆ. ನರ್ಮದಾ, ತಾಪಿ, ಮಾಹಿ, ಸಾಬರಮತಿ ನಾಲ್ಕೂ ತಮ್ಮ ಹೂಳನ್ನು ತಂದು ಸುರಿಯುವ ಕೊಲ್ಲಿ ಅದು. ಒಳತುದಿಯ ಭಾವನಗರದ ಬಳಿ ಉಬ್ಬರ ಇಳಿತದ ಅಂತರ 10 ಮೀಟರ್ ಮುಟ್ಟುತ್ತದೆ. ಯೋಜನೆಗೆ ಗುರುತಿಸಿದ ಪಿಪಾವಾವ್ ಬಳಿಯ ಪ್ರದೇಶ ಕೊಲ್ಲಿಯ ಬಾಯಿಯಲ್ಲಿದೆ, ಅಲ್ಲಿ ಅಂತರ ಅಷ್ಟಿಲ್ಲ. ಆದರೂ ಅಷ್ಟೊಂದು ನೀರು ದಿನಕ್ಕೆರಡು ಬಾರಿ ಒಳಹೊಕ್ಕು ಹೊರಬರಬೇಕಾದರೆ ಸೆಳೆತ ಜೋರಾಗಿಯೇ ಇರುತ್ತದೆ. ಸೆಳೆತ ಪಾದದ ಸುತ್ತಲ ಮರಳನ್ನು ಕೊರೆದು ಒಯ್ಯುತ್ತದೆ, ಕಾಲು ಇಳಿಸುವ ಹೊತ್ತಿನಲ್ಲಿ ಹಡಗನ್ನು ಪಕ್ಕಕ್ಕೆ ತಳ್ಳುತ್ತದೆ. ಉತ್ತರ ಸಮುದ್ರದ ಗಟ್ಟಿ ಮರಳಿಗೆಂದು ವಿನ್ಯಾಸವಾದ ಪಾದ ಇಲ್ಲಿ ಸಾಲದೇ ಹೋಗಬಹುದು. ಪಾದವನ್ನು ಅಗಲ ಮಾಡಿದರೆ ಕೆಸರಲ್ಲಿ ಹೂಳುವುದು ಕಡಿಮೆಯಾಗುತ್ತದೆ, ಆದರೆ ಹೂತದ್ದನ್ನು ಕೀಳಲು ಹೆಚ್ಚು ಬಲ ಬೇಕಾಗುತ್ತದೆ, ಸಾಗುವಾಗಲೂ ಅದು ನೀರನ್ನು ತಡೆಯುತ್ತದೆ.

ಕಾಲಿನ ಉದ್ದದ ಲೆಕ್ಕವನ್ನೂ ಹಾಕಿ ನೋಡೋಣ. ನೀರಿನ ಆಳ 30 ಮೀಟರ್ ಇದ್ದರೆ ಕಾಲು 30 ಮೀಟರ್ ಸಾಲದು. ಕೆಸರಲ್ಲಿ ಹೂಳುವುದಕ್ಕೆ 8 ಮೀಟರ್ ಹಿಡಿಯಿರಿ. ಉಬ್ಬರವೂ ಬಿರುಗಾಳಿಯ ಅಲೆಯೂ ಒಟ್ಟಿಗೆ ಬಂದರೂ ಹೊಟ್ಟೆಗೆ ತಾಗದಂತೆ ಹಡಗು 12 ಮೀಟರ್ ಮೇಲಿರಬೇಕು. ಹಡಗಿನ ಮೈ ಮತ್ತು ಜಾಕ್ ಯಂತ್ರದ ಎತ್ತರಕ್ಕೆ 15 ಮೀಟರ್. ಆಪತ್ತಿಗೆಂದು ಇನ್ನೊಂದು 5 ಮೀಟರ್ ಇಟ್ಟರೆ 70 ಆಯಿತು. 80 ಮೀಟರ್ ಆಳದಲ್ಲಿ ನಿಲ್ಲಬಲ್ಲ ಬೆಲ್ಜಿಯಂ ಮೂಲದ ಯಾನ್ ಡೆ ನುಲ್ ಕಂಪನಿಯ ‘ವೋಲ್ಟೇರ್’ ಹಡಗಿನ ಕಾಲುಗಳು ಸುಮಾರು 130 ಮೀಟರ್ ಉದ್ದವಿವೆ.

ತೇಲುವುದೂ ಅಲ್ಲ, ನಿಲ್ಲುವುದೂ ಅಲ್ಲ

ಉದ್ದ ಕಾಲಿಗೆ ತೆರಬೇಕಾದ ಬೆಲೆ ಸಾಗುವಾಗ ಗೊತ್ತಾಗುತ್ತದೆ. ಕಾಲುಗಳೆಲ್ಲ ಮೇಲಿರುವುದರಿಂದ ಹಡಗಿನ ಗುರುತ್ವ ಕೇಂದ್ರ ಎತ್ತರದಲ್ಲಿರುತ್ತದೆ, ಗಾಳಿಗೆ ಒಡ್ಡಿಕೊಳ್ಳುವ ಮೈಯೂ ಹೆಚ್ಚು. ನೀರಿನಿಂದ ಮೇಲೆದ್ದು ನಿಂತಾಗ ಇದು ಗಟ್ಟಿ. ಕಾಲು ಮೇಲೆತ್ತಿ ಶಾಂತ ನೀರಲ್ಲಿ ತೇಲುವಾಗಲೂ ಭಯವಿಲ್ಲ. ಇವೆರಡರ ನಡುವಿನ ಹೊತ್ತಿನಲ್ಲೇ ದೊಡ್ಡ ದುರಂತಗಳು ನಡೆದಿವೆ.

1965ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಕಡಲಲ್ಲಿ ‘ಸೀ ಜೆಮ್’ ಎಂಬ ಕಾಲಿನ ರಿಗ್ ಕುಸಿದು 13 ಮಂದಿ ಸತ್ತದ್ದು ಜಾಗ ಬದಲಿಸಲು ಅಣಿಯಾಗುತ್ತಿದ್ದಾಗ. 2011ರ ಡಿಸೆಂಬರ್‌ನಲ್ಲಿ ರಷ್ಯಾದ ‘ಕೋಲ್ಸ್‌ಕಾಯಾ’ ಮುಳುಗಿ 53 ಮಂದಿ ತೀರಿಕೊಂಡದ್ದು ಅದನ್ನು ಎಳೆದೊಯ್ಯುತ್ತಿದ್ದಾಗ. ಎಲ್ಲಕ್ಕಿಂತ ವಿವರವಾಗಿ ತನಿಖೆಯಾದದ್ದು 2021ರ ಏಪ್ರಿಲ್ 13ರಂದು ಅಮೆರಿಕದ ಲೂಸಿಯಾನ ತೀರದಲ್ಲಿ ಮಗುಚಿದ ‘ಸೀಕೋರ್ ಪವರ್’. ಮೂರು ಕಾಲಿನ, ತೈಲ ವೇದಿಕೆಗಳ ದುರಸ್ತಿಗೆ ಹೋಗುವ ಕೆಲಸದ ದೋಣಿ ಅದು. ಮಧ್ಯಾಹ್ನ ಪೋರ್ಟ್ ಫೋರ್ಷನ್ ಬಿಟ್ಟು ಹೊರಟಿತ್ತು. ಎರಡೂವರೆ ಗಂಟೆಯೊಳಗೆ ಗುಡುಗುಮಳೆಯ ಗಾಳಿ ಎರಗಿತು. ಸಿಬ್ಬಂದಿ ದೋಣಿಯನ್ನು ಗಾಳಿಗೆ ಮುಖಮಾಡಿ ತಿರುಗಿಸುತ್ತ, ಕಾಲುಗಳನ್ನು ಇಳಿಸುತ್ತಿದ್ದರು. ತಳ ಕೇವಲ 15 ಮೀಟರ್ ಕೆಳಗಿತ್ತು. ಕಾಲು ಅದನ್ನು ಮುಟ್ಟುವ ಮೊದಲೇ ದೋಣಿ ಮಗುಚಿತು. 19 ಮಂದಿಯಲ್ಲಿ ಬದುಕಿ ಬಂದವರು ಆರು ಜನ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ಕಂಡುಕೊಂಡದ್ದು ಆತಂಕದ ಸಂಗತಿ. ದೋಣಿ ಜಾರಿಯಲ್ಲಿದ್ದ ಸ್ಥಿರತೆಯ ನಿಯಮಗಳಿಗೆ ಒಳಪಟ್ಟೇ ಇತ್ತು. ಸೀಮಿತ ವ್ಯಾಪ್ತಿಯಲ್ಲಿ ಓಡಾಡುವ ಇಂಥ ಕಾಲಿನ ದೋಣಿಗಳು (ಲಿಫ್ಟ್‌ಬೋಟ್) 70 ನಾಟ್, ಅಂದರೆ ಗಂಟೆಗೆ ಸುಮಾರು 130 ಕಿ.ಮೀ. ಗಾಳಿಯನ್ನು ತಡೆದರೆ ಸಾಕು ಎನ್ನುತ್ತಿತ್ತು ನಿಯಮ. ಅಂದು ಬೀಸಿದ ಗಾಳಿ 80 ನಾಟ್ ದಾಟಿತ್ತು. ಕರಾವಳಿ ಕಾವಲು ಪಡೆಯ ಎಚ್ಚರಿಕೆ ಪ್ರಸಾರ ಕೇಂದ್ರ ಆಗ ಕೆಟ್ಟಿದ್ದರಿಂದ ಹವಾಮಾನದ ಸೂಚನೆಯೂ ದೋಣಿಗೆ ತಲುಪಿರಲಿಲ್ಲ. ಹೊಸದಾಗಿ ಕಟ್ಟುವ ಇಂಥ ದೋಣಿಗಳಿಗೆ ಸ್ಥಿರತೆಯ ಮಾನದಂಡವನ್ನು ಹೆಚ್ಚಿಸಬೇಕೆಂದು ಮಂಡಳಿ ಹೇಳಿತು.

ಈ ಸಂಗತಿ ನಮಗೂ ಬೇಕು. ಅದೇ ವರ್ಷ ಮೇ 17ರಂದು ತೌಕ್ತೆ ಚಂಡಮಾರುತ ಮುಂಬೈ ಕಡಲಿನ ತೈಲಕ್ಷೇತ್ರವಾದ ಬಾಂಬೆ ಹೈ ಬಳಿ ಪಿ-305 ಎಂಬ ವಸತಿ ಬಾರ್ಜನ್ನು ಮುಳುಗಿಸಿ 70ಕ್ಕೂ ಹೆಚ್ಚು ಕಾರ್ಮಿಕರ ಪ್ರಾಣ ತೆಗೆಯಿತು. ಅದಕ್ಕೆ ಕಾಲುಗಳಿರಲಿಲ್ಲ, ಲಂಗರು ಕಿತ್ತು ತೇಲಿಹೋಗಿತ್ತು. ಅದೇ ಚಂಡಮಾರುತ ಆ ರಾತ್ರಿ ದಡ ಸೇರಿದ್ದು ಗುಜರಾತಿನ ಊನಾ ಸಮೀಪ, ಅಂದರೆ ಪಿಪಾವಾವ್‌ಗೆ ಬಹಳ ಹತ್ತಿರ. ನಾಳೆ ಅಲ್ಲಿ ಕಾಲಿನ ಹಡಗು ಕೆಲಸ ಮಾಡುವುದಾದರೆ, ಎಷ್ಟು ಗಂಟೆ ಮುಂಚಿನ ಎಚ್ಚರಿಕೆಗೆ ಕಾಲು ಕಿತ್ತು ಬಂದರಿಗೆ ಓಡಬೇಕು, ಯಾವ ಹಂತ ದಾಟಿದರೆ ಅಲ್ಲೇ ಎತ್ತರದಲ್ಲಿ ನಿಲ್ಲುವುದು ಕ್ಷೇಮ ಎಂಬ ಲೆಕ್ಕ ವಿನ್ಯಾಸದ ಹಂತದಲ್ಲೇ ಆಗಿರಬೇಕು.

ಗಾಳಿ ಇರುವ ತಿಂಗಳಲ್ಲಿ ಕೆಲಸವಿಲ್ಲ

ತಮಿಳುನಾಡಿನ ಮನ್ನಾರ್ ಕೊಲ್ಲಿಯ ಗಾಳಿ ದೇಶದ ಕಡಲಲ್ಲೇ ಉತ್ತಮವಾದದ್ದು. ಆದರೆ ರೆಕ್ಕೆ ಕೂರಿಸುವ ಕೆಲಸವನ್ನು ಗಾಳಿಯ ವೇಗ ಸೆಕೆಂಡಿಗೆ 10-12 ಮೀಟರ್ ದಾಟಿದರೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತ ಬಲವಾಗಿ ಬೀಸುತ್ತದೆ. ಅದು ಇಳಿದ ಮೇಲೆ ಹಿಂಗಾರು ಮತ್ತು ಚಂಡಮಾರುತಗಳ ಕಾಲ. 2017ರ ಓಖಿ ಕನ್ಯಾಕುಮಾರಿಯ ಮೀನುಗಾರರನ್ನು ಬಲಿ ತೆಗೆದುಕೊಂಡದ್ದು ನವೆಂಬರ್ ಕೊನೆಯಲ್ಲಿ. ವಿದ್ಯುತ್ ಚೆನ್ನಾಗಿ ಹುಟ್ಟುವ ತಿಂಗಳುಗಳಲ್ಲಿ ಯಂತ್ರ ನಿಲ್ಲಿಸಲಾಗದು. ಕಟ್ಟುವ ಕೆಲಸಕ್ಕೆ ಸಿಗುವುದು ವರ್ಷದ ಕೆಲವೇ ತಿಂಗಳು.

500 ಮೆಗಾವ್ಯಾಟ್ ಎಂದರೆ 15 ಮೆಗಾವ್ಯಾಟ್‌ನ 34 ಯಂತ್ರಗಳು. ಎಲ್ಲ ಸರಿಯಿದ್ದರೆ ಒಂದು ಹಡಗಿಗೆ ಒಂದೇ ಋತುವಿನ ಕೆಲಸ. ಅದಕ್ಕಾಗಿ ಹಡಗು ಯುರೋಪಿನಿಂದಲೋ ಚೀನಾದಿಂದಲೋ ವಾರಗಟ್ಟಲೆ ಸಾಗಿ ಬರಬೇಕು, ಹೋಗುವಾಗಲೂ ಅಷ್ಟೇ. ದಿನಬಾಡಿಗೆ ಲಕ್ಷಾಂತರ ಡಾಲರ್. ಬಂದು ಹೋಗುವ ಖರ್ಚು 34 ಯಂತ್ರಗಳ ಮೇಲೆ ಬೀಳುತ್ತದೆ. 200 ಯಂತ್ರಗಳಿದ್ದರೆ ಯಂತ್ರವೊಂದರ ಪಾಲು ಆರನೇ ಒಂದಕ್ಕೆ ಇಳಿಯುತ್ತಿತ್ತು. ಯೂನಿಟ್ ದರ ಏರಲು ಇದೂ ಒಂದು ಕಾರಣ. ಇದನ್ನು ಸಹಾಯಧನದಿಂದ ಮುಚ್ಚಬಹುದು, ಇಲ್ಲವಾಗಿಸಲು ಆಗದು.

ಹತ್ತು ವರ್ಷಕ್ಕೆ ಹಳತಾಗುವ ಹಡಗು

ಡೆನ್ಮಾರ್ಕ್ 1991ರಲ್ಲಿ ವಿಂಡೆಬಿಯಲ್ಲಿ ಜಗತ್ತಿನ ಮೊದಲ ಕಡಲ ಪವನ ಕ್ಷೇತ್ರ ಕಟ್ಟಿದಾಗ ಒಂದೊಂದು ಯಂತ್ರ 450 ಕಿಲೋವ್ಯಾಟ್‌ನದು. 2002ರ ಹಾರ್ನ್ಸ್ ರೇವ್ ಕ್ಷೇತ್ರದಲ್ಲಿ ಅದು 2 ಮೆಗಾವ್ಯಾಟ್. 2023ರಲ್ಲಿ ಬ್ರಿಟನ್ನಿನ ಡಾಗರ್ ಬ್ಯಾಂಕ್‌ನಲ್ಲಿ ವೋಲ್ಟೇರ್ ನಿಲ್ಲಿಸತೊಡಗಿದ್ದು 13 ಮೆಗಾವ್ಯಾಟ್‌ನವು. ಯಂತ್ರ ದೊಡ್ಡದಾದರೆ ಕಂಬಗಳ ಸಂಖ್ಯೆ ಕಡಿಮೆ, ಕೇಬಲ್ ಕಡಿಮೆ, ಖರ್ಚೂ ಕಡಿಮೆ. ಹಡಗಿನ ಮಾಲೀಕರಿಗೆ ಮಾತ್ರ ಇದು ತಲೆನೋವು. 25 ವರ್ಷ ದುಡಿಯಲೆಂದು ಕಟ್ಟಿದ ಹಡಗಿನ ಕ್ರೇನು ಹತ್ತೇ ವರ್ಷಕ್ಕೆ ಗಿಡ್ಡವಾಗುತ್ತದೆ. 2012ರ ಸುಮಾರಿಗೆ ಕಡಲಿಗಿಳಿದ ದೊಡ್ಡ ಹಡಗುಗಳಿಗೂ ಈಚೆಗೆ ಹೊಸ ಕ್ರೇನು ಕೂರಿಸಬೇಕಾಯಿತು. ಜಾಗ ಉಳಿಸಲು ಈ ಕ್ರೇನುಗಳನ್ನು ಒಂದು ಕಾಲಿನ ಸುತ್ತಲೇ ಬಳಸಿ ಕೂರಿಸುತ್ತಾರೆ. ಕಾಲು ಕ್ರೇನಿನ ನಡುವಿನಿಂದ ಹಾದು ಇಳಿಯುತ್ತದೆ. ಹಾಗಾಗಿ ಕ್ರೇನು ಬದಲಿಸುವುದೆಂದರೆ ಆ ಮೂಲೆಯ ಉಕ್ಕನ್ನೆಲ್ಲ ಬಿಚ್ಚಿ ಬಲಪಡಿಸಿದಂತೆ.

ಭಾರತದ ಟೆಂಡರು ಹಾಕುವ ಕಂಪನಿಗೂ ಇದೇ ಗೊಂದಲ. 15 ಮೆಗಾವ್ಯಾಟ್ ಯಂತ್ರ ಆರಿಸಿದರೆ ಅದನ್ನೆತ್ತಬಲ್ಲ ಹಡಗುಗಳು ಜಗತ್ತಿನಲ್ಲಿ ಕೆಲವೇ ಇವೆ, ಅವಕ್ಕೆ ವರ್ಷಗಳ ಮುಂಗಡ ಬುಕಿಂಗ್. 8 ಮೆಗಾವ್ಯಾಟ್ ಆರಿಸಿದರೆ ಹಳೆಯ ಹಡಗು ಅಗ್ಗಕ್ಕೆ ಸಿಗುತ್ತದೆ, ಆದರೆ ಕಂಬಗಳು ಇಮ್ಮಡಿ ಬೇಕು.

ಅಮೆರಿಕ ಕಟ್ಟಿಸಿದ ಹಡಗು

ಹಾಗಾದರೆ ನಾವೇ ಕಟ್ಟೋಣ ಎಂಬ ವಾದಕ್ಕೆ ಅಮೆರಿಕದ ಉದಾಹರಣೆ ಕಣ್ಮುಂದಿದೆ. ಅಲ್ಲಿನ 1920ರ ಜೋನ್ಸ್ ಕಾಯ್ದೆಯ ಪ್ರಕಾರ ಅಮೆರಿಕದ ಎರಡು ಸ್ಥಳಗಳ ನಡುವೆ ಸರಕು ಸಾಗಿಸುವ ಹಡಗು ಅಲ್ಲೇ ಕಟ್ಟಿದ್ದಾಗಿರಬೇಕು. 2016ರಲ್ಲಿ ಬ್ಲಾಕ್ ಐಲೆಂಡ್ ಬಳಿ ಐದು ಯಂತ್ರ ನಿಲ್ಲಿಸುವಾಗ ಉಪಾಯ ಹುಡುಕಿದರು. ಯುರೋಪಿನ ‘ಬ್ರೇವ್ ಟರ್ನ್’ ಕಡಲಲ್ಲೇ ಕಾಲೂರಿ ನಿಂತಿತು. ರೆಕ್ಕೆ, ಕಂಬಗಳನ್ನು ಲೂಸಿಯಾನದ ತೈಲ ಕೆಲಸದ ಲಿಫ್ಟ್‌ಬೋಟುಗಳು ಬಂದರಿನಿಂದ ಹೊತ್ತು ತಂದು ಪಕ್ಕದಲ್ಲಿ ಎದ್ದು ನಿಂತವು. ಕೆಲಸ ಆಯಿತು, ಆದರೆ ಐದು ಯಂತ್ರಕ್ಕೆ ಸರಿಹೋದ ಏರ್ಪಾಡು ನೂರಕ್ಕೆ ದುಬಾರಿ.

ಆಮೇಲೆ ಡೊಮಿನಿಯನ್ ಎನರ್ಜಿ ಕಂಪನಿ ಟೆಕ್ಸಾಸಿನಲ್ಲಿ ‘ಕರಿಬ್ಡಿಸ್’ ಎಂಬ ಹಡಗು ಕಟ್ಟಿಸಿತು. 50 ಕೋಟಿ ಡಾಲರ್ ಎಂದುಕೊಂಡದ್ದು 71.5 ಕೋಟಿಗೆ ಏರಿತು. 2023ರ ಕೊನೆಗೆ ಬರಬೇಕಿದ್ದದ್ದು ವರ್ಜೀನಿಯಾ ಮುಟ್ಟಿದ್ದು 2025ರ ಸೆಪ್ಟೆಂಬರ್‌ನಲ್ಲಿ. ರೂಪಾಯಿಗೆ ಬದಲಿಸಿದರೆ ಬೆಲೆ ಸುಮಾರು 6,000 ಕೋಟಿ. ನಮ್ಮ ಸರ್ಕಾರ 1,000 ಮೆಗಾವ್ಯಾಟ್‌ಗೆಂದು ತೆಗೆದಿಟ್ಟ 6,853 ಕೋಟಿಯ ಪಕ್ಕದಲ್ಲಿ ಈ ಸಂಖ್ಯೆ ಇಟ್ಟು ನೋಡಿ. ಚೀನಾದ ಯಾರ್ಡುಗಳಲ್ಲಿ ಬೆಲೆ ಇದಕ್ಕಿಂತ ಕಡಿಮೆ ನಿಜ (ವೋಲ್ಟೇರ್ ಕೂಡ ಅಲ್ಲೇ ಹುಟ್ಟಿದ್ದು). ಆದರೂ 34 ಯಂತ್ರಕ್ಕಾಗಿ ಯಾರೂ ಹಡಗು ಕಟ್ಟಿಸುವುದಿಲ್ಲ. ಡೊಮಿನಿಯನ್ ಧೈರ್ಯ ಮಾಡಿದ್ದು 176 ಯಂತ್ರಗಳ ಯೋಜನೆ ಕೈಯಲ್ಲಿದ್ದುದರಿಂದ.

ಇಲ್ಲಿ ನಡೆದಿರುವ ವಾದಗಳು

ಒಂದು ಕಡೆಯವರು ಕೇಳುವುದು: ನೆಲದ ಗಾಳಿ, ಸೌರಶಕ್ತಿ ಇಷ್ಟು ಅಗ್ಗವಾಗಿರುವಾಗ ಕಡಲಿಗೆ ಹಣ ಸುರಿಯುವುದು ಯಾಕೆ? ತೂಕವಿರುವ ಪ್ರಶ್ನೆ ಇದು. ತಮಿಳುನಾಡಿನ ಮುಪ್ಪಂದಲ್ ಪವನ ಕ್ಷೇತ್ರದ ಹಳೆಯ ಸಣ್ಣ ಯಂತ್ರಗಳನ್ನು ತೆಗೆದು ದೊಡ್ಡವನ್ನು ನಿಲ್ಲಿಸಿದರೇ ಬಹಳಷ್ಟು ವಿದ್ಯುತ್ ಸಿಗುತ್ತದೆ. ಇದಕ್ಕೆ ಪ್ರತಿಯಾಗಿ, ಗಾಳಿ ಚೆನ್ನಾಗಿರುವ ನೆಲ ಮುಗಿಯುತ್ತ ಬಂದಿದೆ, ಸೂರ್ಯ ಮುಳುಗಿದ ಮೇಲೂ ಬೀಸುವ ಕಡಲ ಗಾಳಿಗೆ ಮುಂದೆ ಬೆಲೆ ಬಂದೇ ಬರುತ್ತದೆ ಎನ್ನುವವರಿದ್ದಾರೆ. ಮೀನುಗಾರರ ಆತಂಕ ಬೇರೆ: ಕಂಬಗಳ ನಡುವೆ ಬಲೆ ಬೀಸಲು ಬಿಡುತ್ತಾರೆಯೇ, ಮೀನಿನ ದಾರಿ ತಪ್ಪುತ್ತದೆಯೇ ಎಂಬುದು. ಅವರನ್ನು ಕೂರಿಸಿ ಮಾತಾಡದೆ ಯಾವ ನಕ್ಷೆಯೂ ಪೂರ್ತಿಯಾಗದು.

ಕಂಪನಿಗಳು ಇನ್ನಷ್ಟು ನೆರವು, ವಿದ್ಯುತ್ ಕೊಳ್ಳುವ ಖಾತ್ರಿ ಕೇಳುತ್ತವೆ. ತಮಿಳುನಾಡಿನ 4,000 ಮೆಗಾವ್ಯಾಟ್ ಟೆಂಡರಿನಲ್ಲಿ ಕೇಂದ್ರದ ಸಹಾಯಧನವೇ ಇರಲಿಲ್ಲ. ಅದು ಬಿದ್ದುಹೋದದ್ದು ಅಚ್ಚರಿಯಲ್ಲ.

ಇನ್ನು ಸ್ವದೇಶಿ ಹಡಗಿನ ವಾದ. ಕಾಲಿನ ಹಡಗು ನಮಗೆ ಹೊಸದಲ್ಲ. ಜಪಾನಿನಲ್ಲಿ ಕಟ್ಟಿದ ‘ಸಾಗರ್ ಸಾಮ್ರಾಟ್’ 1974ರಲ್ಲಿ ಬಾಂಬೆ ಹೈನಲ್ಲಿ ಎಣ್ಣೆ ಕಂಡಿತು; ಒಂದು ರೂಪಾಯಿ ನೋಟಿನ ಹಿಂಬದಿಯಲ್ಲಿರುವುದು ಅದೇ. ಐದು ದಶಕಗಳಿಂದ ನಮ್ಮ ಎಂಜಿನಿಯರುಗಳು ಅರಬ್ಬಿ ಸಮುದ್ರದ ತಳದಲ್ಲಿ ಕಾಲೂರಿಸುತ್ತ ಬಂದಿದ್ದಾರೆ. ಕೊಚ್ಚಿನ್ ಶಿಪ್‌ಯಾರ್ಡ್ ಯುರೋಪಿನ ಕಂಪನಿಗಳಿಗೆ ಕಡಲ ಗಾಳಿಯಂತ್ರಗಳ ನಿರ್ವಹಣಾ ಹಡಗು ಕಟ್ಟುತ್ತಿದೆ. ಅದರ ಅಂಗಸಂಸ್ಥೆಯಾದ ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ನಾರ್ವೆಗೆ ಸರಕು ಹಡಗು ಕಟ್ಟುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಹಡಗು ನಿರ್ಮಾಣಕ್ಕೆ 69,725 ಕೋಟಿಯ ಪ್ಯಾಕೇಜ್ ಘೋಷಿಸಿದೆ. ಕೈಯೂ ಇದೆ, ಕಾಸೂ ಇದೆ. ಇಲ್ಲದಿರುವುದು ಹಡಗಿಗೆ ಹತ್ತು ವರ್ಷ ದುಡಿಮೆ ಕೊಡುವ ಯೋಜನೆಗಳ ಸಾಲು.

ವಿದೇಶಿ ಹಡಗು ತರಲು ಕಾನೂನಿನ ಅಡ್ಡಿ ಅಮೆರಿಕದಷ್ಟಿಲ್ಲ. ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಪಡೆದರೆ ಆಗುತ್ತದೆ. ಹೆಚ್ಚು ಹಡಗುಗಳಿರುವುದು ಚೀನಾದ ಬಳಿ, ಆದರೆ ನಮ್ಮ ಕಡಲತಳದ ವಿವರಗಳನ್ನು ಅವರ ಕೈಗಿಡುವ ಪ್ರಶ್ನೆ ಬಂದಾಗ ಭದ್ರತೆಯ ಮಾತು ಬರುತ್ತದೆ. ತೇಲುವ ಟರ್ಬೈನು ಬಳಸಿದರೆ ಕಾಲಿನ ಹಡಗಿನ ಹಂಗಿಲ್ಲ ಎನ್ನುವವರಿದ್ದಾರೆ. ಅವನ್ನು ಬಂದರಿನಲ್ಲೇ ಜೋಡಿಸಿ ಎಳೆದೊಯ್ಯಬಹುದು. ಈಗಿನ ಮಟ್ಟಿಗೆ ಆ ದಾರಿ ಇನ್ನೂ ದುಬಾರಿ.

ಮುಂದಿನ ಟೆಂಡರಿನಲ್ಲಿ ಏನಿರಬೇಕು

ಸರ್ಕಾರ ಮತ್ತೆ ಟೆಂಡರು ಕರೆಯುವಾಗ ಸಹಾಯಧನದ ಮೊತ್ತವಷ್ಟೇ ಹೆಚ್ಚಿದರೆ ಒಂದಿಬ್ಬರು ಮುಂದೆ ಬರಬಹುದು, ದರ ಇಳಿಯದು. ಗುಜರಾತಿನದೂ ತಮಿಳುನಾಡಿನದೂ ಬೇರೆ ಬೇರೆ ವರ್ಷ ಶುರುವಾದರೆ ಒಂದೇ ಹಡಗು ಎರಡು ಸಲ ಅರ್ಧ ಭೂಮಿ ಸುತ್ತಿ ಬರಬೇಕಾಗುತ್ತದೆ. ಒಂದರ ಬೆನ್ನಿಗೆ ಇನ್ನೊಂದನ್ನು ಇಟ್ಟರೆ, ಒಂದು ಕೊಲ್ಲಿಯಲ್ಲಿ ಕೆಲಸ ನಿಂತಾಗ ಇನ್ನೊಂದಕ್ಕೆ ಹೋಗುವಂತೆ ಕಾಲಪಟ್ಟಿ ಹೆಣೆದರೆ, ಬರುವ ಖರ್ಚನ್ನು ಎರಡೂ ಯೋಜನೆಗಳು ಹಂಚಿಕೊಳ್ಳುತ್ತವೆ. ಪ್ರತಿ ಕಂಬದ ಜಾಗದ ಮಣ್ಣಿನ ವರದಿಯನ್ನು ಸರ್ಕಾರವೇ ಮಾಡಿಸಿ ಟೆಂಡರಿನ ಜೊತೆಗೆ ಕೊಟ್ಟರೆ, ‘ಕಾಲು ಎಷ್ಟು ಹೂಳುತ್ತದೋ’ ಎಂಬ ಅನುಮಾನಕ್ಕೆಂದು ಕಂಪನಿಗಳು ದರದಲ್ಲಿ ಸೇರಿಸಿಕೊಳ್ಳುವ ಮೊತ್ತ ತಗ್ಗುತ್ತದೆ. ತೂತ್ತುಕುಡಿ, ಪಿಪಾವಾವ್ ಬಂದರುಗಳಿಗಿಟ್ಟ 600 ಕೋಟಿಯಲ್ಲಿ ಕಟ್ಟೆಯ ಪಕ್ಕದ ತಳವನ್ನೂ ಗಟ್ಟಿ ಮಾಡಬೇಕು. ಈ ಹಡಗುಗಳು ಬಂದರಿನಲ್ಲಿ ಕಂಬ, ರೆಕ್ಕೆ ಹೇರಿಕೊಳ್ಳುವಾಗಲೂ ಕಾಲೂರಿ ನಿಲ್ಲುತ್ತವೆ. ಮೆತ್ತಗಿನ ತಳದಲ್ಲಿ ಪಾದ ಹೂತರೆ ಪಕ್ಕದ ಧಕ್ಕೆಯ ಅಡಿಪಾಯವೇ ಸರಿಯುವ ಅಪಾಯವಿದೆ. ಟೆಂಡರಿನ ಕಾಗದದಲ್ಲಿ ಈ ಸಾಲುಗಳಿವೆಯೇ ಎಂದು ನೋಡಿದರೆ, ಈ ಸಲವಾದರೂ ಕಂಬ ಏಳುತ್ತದೆಯೇ ಎಂಬುದು ಬಿಡ್ ತೆರೆಯುವ ಮೊದಲೇ ತಿಳಿಯುತ್ತದೆ.